ಬಾಂಗಿಗೆ ಮೊದಲು

ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಗಿರಾಕಿ ಹುಡುಗಿಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಹಬ್ಬದ ಗೌನಿನ ಅಂಚು ಮಡಚುತ್ತಿದ್ದ ನಾಝಿಮಾಳಿಗೆ ಫೋನು ಹೊಡೆದುಕೊಂಡದ್ದು ಕೇಳಿಸಿತು. ಏಳಲು ಆಗುವಂತಿರಲಿಲ್ಲ. ಅಂಚು ಒಮ್ಮೆ ಕೈಯಿಂದ ಜಾರಿದರೆ ಮತ್ತೆ ಸುತ್ತಲೂ ಅಳತೆ ಹಿಡಿಯಬೇಕು. ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಫೋನನ್ನು ಅಂಗಡಿಯ ಒಡತಿ ಮೆರ್ಲಿನ್ ಎತ್ತಿ ನೋಡಿದಳು.

"ನಿನ್ನ ಗಂಡ. ಈ ಹೊತ್ತಿಗೆ ಎಂತ?"

ದಮ್ಮಾಮಿನಿಂದ ನಿಝಾರ್ ಕರೆ ಮಾಡುವುದು ಸಂಜೆ ಉಪವಾಸ ತೊರೆದ ಮೇಲೆ. ನಾಝಿಮಾ ಸೂಜಿಗಳನ್ನು ಅಂಗೈಗೆ ಉಗಿದು ಫೋನು ಕಿವಿಗಿಟ್ಟಳು. ಸಲಾಂ ಕೂಡ ಇಲ್ಲ.

"ಸುಹೈಲಾ ಎಲ್ಲಿ?"

"ಮನೆಯಲ್ಲಿ. ರಜೆ ಅಲ್ವಾ. ಯಾಕೆ?"

"ಶುಗರ್ ಐವತ್ತೆಂಟು ತೋರಿಸ್ತಾ ಉಂಟು. ಬಾಣ ಕೆಳಗೆ ಉಂಟು. ನೀನು ಅಲ್ಲಿ ಎಂತ ಮಾಡ್ತಾ ಇದ್ದೀ?"

"ನನಗೆ ಬರ್ಲಿಲ್ಲ. ಅಲಾರ್ಮ್ ಬರ್ಲೇ ಇಲ್ಲ."

"ಸಮುದ್ರ ದಾಟಿ ನನಗೆ ಬಂದದ್ದು ಕದ್ರಿಯಲ್ಲಿ ಕೂತ ನಿನಗೆ ಬರ್ಲಿಲ್ವಾ? ಅವಳು ಫೋನ್ ಎತ್ತುವುದಿಲ್ಲ ನಾಝಿ. ಮೊದಲು ಓಡು, ಆಮೇಲೆ ಮಾತಾಡು."

ಕರೆ ಕಡಿಯಿತು. ನಾಝಿಮಾ ಆ್ಯಪು ತೆರೆದಳು. ಪರದೆಯ ಮೇಲೆ ನೂರಾ ಹನ್ನೆರಡು ಎಂದು ನೆಮ್ಮದಿಯ ಹಸಿರು ಬಣ್ಣದಲ್ಲಿ ಇತ್ತು. ಅದು ಯಾವಾಗಲೋ ಮಧ್ಯಾಹ್ನದ ಲೆಕ್ಕ. ಅವಳು ನೋಡುತ್ತಿದ್ದ ಹಾಗೇ ಅಂಕಿ ಒಮ್ಮೆ ಕಣ್ಣುಮಿಟುಕಿಸಿ, ಕೆಂಪಾಗಿ, ಐವತ್ತನಾಲ್ಕಕ್ಕೆ ಇಳಿಯಿತು.

ಸುಹೈಲಾಳಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ. ದೇಹದಲ್ಲಿ ಇನ್ಸುಲಿನ್ನೇ ಹುಟ್ಟದ ಜಾತಿಯದು. ದಿನಕ್ಕೆ ನಾಲ್ಕು ಸಲ ಚುಚ್ಚಬೇಕು. ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಕಳೆದ ವರ್ಷ ಅವಳ ತೋಳಿಗೆ ರೂಪಾಯಿ ನಾಣ್ಯದಷ್ಟಗಲದ ಒಂದು ಬಿಳಿ ಬಿಲ್ಲೆ ಬಂದು ಕೂತಿತು. ಒಳಗಿನ ಸಕ್ಕರೆಯನ್ನು ಅದು ಅಳೆದು ಅವಳ ಫೋನಿಗೆ ಹೇಳುತ್ತದೆ. ಅವಳ ಫೋನು ಅದನ್ನು ಉಮ್ಮನ ಫೋನಿಗೂ ದಮ್ಮಾಮಿನ ಬಾಪನ ಫೋನಿಗೂ ದಾಟಿಸುತ್ತದೆ. ಅಂಕಿ ತೀರ ಇಳಿದರೆ ಮೂರೂ ಫೋನು ಬೊಬ್ಬೆ ಹಾಕಬೇಕು.

ಆ ಬಿಲ್ಲೆಯ ನೆಚ್ಚಿಕೆಯಿಂದಲೇ ನಾಝಿಮಾ ಹೊಲಿಗೆಗೆ ಹೊರಟದ್ದು. "ಮನೆಯಲ್ಲಿ ಯಾರು ನೋಡ್ತಾರೆ?" ಎಂದು ನಿಝಾರ್ ಕೇಳಿದ್ದ. ಕಾಟಿಪಳ್ಳದ ತನ್ನ ತಂಗಿಯ ಮನೆಯಲ್ಲಿ ಮೂರು ಹೆಂಗಸರಿದ್ದಾರೆ, ಮಗಳು ಅಲ್ಲಿಯೇ ಇದ್ದು ಓದಲಿ ಎಂದಿದ್ದ. ಸುಹೈಲಾ ಎರಡು ದಿನ ಅತ್ತಿದ್ದಳು. ಕೊನೆಗೆ ಫೋನೇ ಮಧ್ಯಸ್ಥಿಕೆ ಮಾಡಿತು. ಮಗಳು ಬಿಕರ್ನಕಟ್ಟೆಯ ಮನೆಯಲ್ಲೇ ಇರಬಹುದು, ಹೆಂಡತಿ ಹೊಲಿಗೆಗೂ ಹೋಗಬಹುದು, ಆದರೆ ಫೋನು ಸದಾ ಕಣ್ಣೆದುರಿಗೆ ಇರಬೇಕು. ಒಂದೇ ಒಂದು ಸಲ ತಪ್ಪಿದರೂ ಎರಡರಲ್ಲೊಂದು ಬಿಡಬೇಕು.

ಮಗಳು ಫೋನು ಎತ್ತಲಿಲ್ಲ. ಮಾವ ಅಹ್ಮದ್ ಬಾವ ರಮಝಾನಿನಲ್ಲಿ ಮಧ್ಯಾಹ್ನ ಲುಹರಿಗೆ ಮಸೀದಿಗೆ ಹೋದರೆ ಇಳಿಹೊತ್ತಿನ ಅಸರ್ ನಮಾಝು ಮುಗಿಸಿ, ಅಲ್ಲಿ ಹಂಚುವ ಗಂಜಿಯನ್ನು ತೂಕುಪಾತ್ರೆಯಲ್ಲಿ ಹಿಡಿದುಕೊಂಡೇ ಬರುವುದು. ಅವರ ಫೋನೂ ಸುಮ್ಮನೆ ಹೊಡೆದುಕೊಂಡಿತು.

ಮೆರ್ಲಿನ್ ಆಗಲೇ ಸ್ಕೂಟರಿನ ಕೀ ಹಿಡಿದು ನಿಂತಿದ್ದಳು. "ಬಾ ಬಾ. ರಿಕ್ಷಾ ಹುಡುಕ್ತಾ ನಿಂತ್ರೆ ಆಗ್ಲಿಕ್ಕಿಲ್ಲ." ಗೌನಿನ ಹುಡುಗಿ ಅರ್ಧ ಅಂಚಿನಲ್ಲಿ ಹಾಗೇ ನಿಂತಿತ್ತು. "ನೀನು ಸೂಜಿ ಚುಚ್ಚಿಸ್ಕೊಳ್ಬೇಡ, ಮೆಲ್ಲ ತೆಗೆದಿಡು ಮಗಾ" ಎಂದು ಮೆಟ್ಟಿಲಿಳಿಯುತ್ತಲೇ ಮೆರ್ಲಿನ್ ಕೂಗಿ ಹೇಳಿದಳು.

ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಹಿಂದೆ ಕೂತ ನಾಝಿಮಾ ಬುರ್ಖಾದ ತುದಿಯನ್ನು ತೊಡೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಗಳ ಹೆಸರನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ನಂತೂರಿನ ಹತ್ತಿರ ಬಂದಾಗ ಫೋನು ಏಕಾಏಕಿ ಟಣಟಣ ಹೊಡೆದುಕೊಳ್ಳತೊಡಗಿತು. ಶುಗರ್ ಕಡಿಮೆ. ಶುಗರ್ ಕಡಿಮೆ. ತುರ್ತು. ಮಧ್ಯಾಹ್ನದಿಂದ ಎಲ್ಲೋ ತಡೆದು ನಿಂತಿದ್ದ ಎಚ್ಚರಿಕೆಗಳೆಲ್ಲ ಒಂದರ ಬೆನ್ನಿಗೊಂದು, ಅಣೆಕಟ್ಟು ಬಿಟ್ಟ ಹಾಗೆ ಬಂದವು. ಅವುಗಳ ನಡುವೆ ಮಾವನ ಗುಡ್ ಮಾರ್ನಿಂಗ್ ಹೂವಿನ ಚಿತ್ರವೂ ಇತ್ತು.

"ಈಗ ಬರ್ತಾ ಉಂಟು ಮೆರ್ಲಿನ್ ಬಾಯಿ, ಎಲ್ಲ ಈಗ ಬರ್ತಾ ಉಂಟು" ಎಂದಳು.

ಸಿಗ್ನಲಿನಲ್ಲಿ ಸ್ಕೂಟರು ನಿಂತಾಗ ಮೆರ್ಲಿನ್ ಹಿಂದೆ ತಿರುಗಿ ಅವಳ ಫೋನನ್ನು ಇಣುಕಿದಳು. "ಬ್ಯಾಟರಿಯಲ್ಲಿ ಎಲೆ ಉಂಟಲ್ಲ ಮಾರಾಯ್ತಿ. ಪವರ್ ಸೇವಿಂಗ್ ಹಾಕಿದ್ದೀ ನೀನು. ಹಾಗೆ ಹಾಕಿದ್ರೆ ನಿನ್ನ ಫೋನ್ ನಿದ್ದೆ ಮಾಡ್ತದೆ. ನೀನು ಮುಟ್ಟಿ ಎಬ್ಬಿಸಿದ ಮೇಲೆಯೇ ಅದಕ್ಕೆ ಬಂದದ್ದೆಲ್ಲ ಗೊತ್ತಾಗುವುದು. ನಮ್ಮ ಇಗರ್ಜಿಯ ಗ್ರೂಪಲ್ಲಿ ಸಾವಿನ ಸುದ್ದಿ ನನಗೆ ಮರುದಿನ ಬಂದದ್ದು ಹೀಗೆಯೇ."

"ನಾನು ಎಂತದೂ ಹಾಕ್ಲಿಲ್ಲ."

ಹೇಳಿದ ಮೇಲೆ ನೆನಪಾಯಿತು. ಈ ವಾರದ ಮೊದಲಲ್ಲಿ, ಫೋನಿನ ಚಾರ್ಜು ಮಧ್ಯಾಹ್ನಕ್ಕೇ ಮುಗಿಯುತ್ತದೆ ಎಂದು ಅವಳು ಮನೆಯಲ್ಲಿ ಗೊಣಗಿದ್ದಳು. ಚಾರ್ಜು ಮುಗಿದರೆ ಅಲಾರ್ಮು ಬರುವುದಿಲ್ಲ ಎಂಬ ಹೆದರಿಕೆ ಅವಳಿಗೆ. "ಕೊಡಿ ಉಮ್ಮ, ನಾನು ಸರಿ ಮಾಡಿ ಕೊಡ್ತೇನೆ" ಎಂದು ಸುಹೈಲಾ ಫೋನು ತೆಗೆದುಕೊಂಡಿದ್ದಳು. ಮಗಳು ತಾನಾಗಿ ಒಂದು ಕೆಲಸಕ್ಕೆ ಕೈ ಹಾಕಿದ್ದಕ್ಕೆ ನಾಝಿಮಾಳಿಗೆ ಖುಷಿಯಾಗಿತ್ತು. ಅಂದಿನಿಂದ ಚಾರ್ಜು ರಾತ್ರಿಯವರೆಗೂ ನಿಂತಿತ್ತು. ಫೋನೂ ಸುಮ್ಮನಿತ್ತು.

ಆ ಸುಮ್ಮನಿರುವಿಕೆ ಎಷ್ಟು ಹಿತವಾಗಿತ್ತೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ಬಿಲ್ಲೆ ಬಂದಂದಿನಿಂದ ಅವಳ ಕಿವಿಯ ಒಂದು ಮೂಲೆ ಸದಾ ಫೋನಿನ ಕಡೆಗೇ ತೆರೆದುಕೊಂಡಿರುತ್ತಿತ್ತು. ನಮಾಝಿನಲ್ಲಿ ಹಣೆ ನೆಲಕ್ಕಿಟ್ಟಾಗಲೂ ಅಷ್ಟೇ. ಈ ನಾಲ್ಕು ದಿನ ಅವಳು ಅಳತೆ ತಪ್ಪದೆ ತೋಳು ಕತ್ತರಿಸಿದ್ದಳು, ಮೆರ್ಲಿನಳ ಪೋಲಿ ಮಾತಿಗೆ ಬಾಯ್ತುಂಬ ನಕ್ಕಿದ್ದಳು. ಮಗಳ ಶುಗರ್ ಹತೋಟಿಗೆ ಬಂತು, ರಮಝಾನಿನ ಬರ್ಕತ್ತು ಎಂದುಕೊಂಡು ಅಲ್ಲಾಹನಿಗೆ ಸ್ತುತಿ ಹೇಳಿದ್ದಳು. ಸಂಜೆ ಫೋನು ತೆರೆದಾಗ ಒಂದೆರಡು ಎಚ್ಚರಿಕೆಗಳು ತಡವಾಗಿ ಸಿಗುತ್ತಿದ್ದವು, ನಿಜ. ಅಷ್ಟರಲ್ಲಿ ಅಂಕಿ ಸರಿಯಾಗಿರುತ್ತಿತ್ತು. ಅವಳು ಹೆಚ್ಚು ಕೆದಕಲಿಲ್ಲ. ಕೆದಕಬೇಕು ಅನ್ನಿಸಿರಲೂ ಇಲ್ಲ.

ಬಿಕರ್ನಕಟ್ಟೆಯಲ್ಲಿ ಬಾಲಯೇಸುವಿನ ಗುಡಿಗೆ ಬಂದವರ ಬಸ್ಸೊಂದು ರಸ್ತೆಗೆ ಅಡ್ಡ ತಿರುಗುತ್ತಿತ್ತು. ಮೆರ್ಲಿನ್ ಎಡಗೈ ಎತ್ತಿ ಶಿಲುಬೆಯ ಗುರುತು ಮಾಡಿಕೊಂಡು, ಅದೇ ಕೈಯಿಂದ ಡ್ರೈವರನಿಗೆ ಬೈದು, ಸ್ಕೂಟರನ್ನು ಚರಂಡಿಯ ಅಂಚಿನಲ್ಲೇ ನುಗ್ಗಿಸಿದಳು.

ಮನೆಯ ಬಾಗಿಲು ಒರಗಿಸಿತ್ತು, ಚಿಲಕ ಹಾಕಿರಲಿಲ್ಲ. ಒಳಕೋಣೆಯಲ್ಲಿ ಪರದೆ ಎಳೆದು ಕತ್ತಲು ಮಾಡಿಕೊಂಡು ಸುಹೈಲಾ ನಮಾಝಿನ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಕೂದಲು ಹಣೆಗೆ ಅಂಟಿತ್ತು. ಬೆನ್ನಿನ ಬಟ್ಟೆ ಬಾವಿಯಿಂದ ಎತ್ತಿದ ಹಾಗೆ ಒದ್ದೆ. ಅವಳ ಫೋನು ದಿಂಬಿನ ಅಡಿಯಲ್ಲಿ ಸದ್ದಿಲ್ಲದೆ ನಡುಗುತ್ತಿತ್ತು.

"ಸುಹೈಲಾ. ಮಗಾ. ಕಣ್ಣು ಬಿಡು."

ಬಿಟ್ಟಳು. ನೋಟ ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.

ಮೆರ್ಲಿನ್ ಅಡುಗೆಮನೆಯಲ್ಲಿ ಡಬ್ಬಗಳನ್ನು ತಡಕಾಡಿ, ಒಂದು ಲೋಟ ನೀರಿಗೆ ಮುಷ್ಟಿಗಟ್ಟಲೆ ಸಕ್ಕರೆ ಸುರಿದು ಕದಡುತ್ತಾ ಬಂದಳು. ನಾಝಿಮಾ ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡು ಲೋಟವನ್ನು ತುಟಿಗೆ ಹಿಡಿದಳು. ಸುಹೈಲಾ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ನೀರು ಕೆನ್ನೆಯ ಮೇಲಿಂದ ಕುತ್ತಿಗೆಗೆ ಹರಿಯಿತು.

"ಬೇಡ. ಬಾಂಗ್ ಆಗ್ಲಿಲ್ಲ."

ನಾಝಿಮಾಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೇ ಅರ್ಥವಾಯಿತು. ನಾಲ್ಕು ದಿನಗಳಿಂದ ತೊಳೆದು ಕವುಚಿ ಇಟ್ಟಿರುತ್ತಿದ್ದ ಊಟದ ತಟ್ಟೆ. ಬೆಳಗಿನ ಜಾವ ಎಲ್ಲರ ಜೊತೆ ಎದ್ದು ಕೂತು "ನಿಮಗೆ ಕಂಪೆನಿ ಕೊಡ್ಲಿಕ್ಕೆ" ಎಂದು ಮಗಳು ತಿನ್ನುತ್ತಿದ್ದ ರೊಟ್ಟಿ. ಪಕ್ಕದ ಮನೆಯ ಕೋಳಿಗಳು ಈಚೆಗೆ ಇವರ ಹಿತ್ತಲನ್ನೇ ಬಿಟ್ಟು ಹೋಗದಿದ್ದದ್ದು.

"ನೀನು ನೋಂಬು ಹಿಡಿದಿದ್ದೀಯಾ? ನಿನಗೆ ಕಡ್ಡಾಯ ಇಲ್ಲ ಮಗಾ. ಡಾಕ್ಟರ್ ಹೇಳಿದ್ದಾರೆ, ಉಸ್ತಾದರೂ ಹೇಳಿದ್ದಾರೆ. ಕುಡಿ. ಪಾಪ ನನಗಿರಲಿ, ಕುಡಿ."

ಸುಹೈಲಾ ತುಟಿ ಬಿಚ್ಚಲಿಲ್ಲ. ಅವಳು ಹಟ ಮಾಡುವ ಸ್ಥಿತಿಯಲ್ಲಿಯೇ ಇರಲಿಲ್ಲ. ಬುದ್ಧಿಯೆಲ್ಲ ಬಸಿದು ಹೋದ ಮೇಲೂ ಒಂದು ಮಾತು ಮಾತ್ರ ಒಳಗೆ ಉಳಿದಿತ್ತು, ಅದನ್ನೇ ಹಿಡಿದುಕೊಂಡಿದ್ದಳು. ಬಾಂಗ್ ಆಗ್ಲಿಲ್ಲ. ಬಾಂಗ್ ಆಗ್ಲಿಲ್ಲ. ನಾಲಗೆ ತೊದಲುತ್ತಿತ್ತು. ಕೈ ಮಂಜುಗಡ್ಡೆಯಂತಿತ್ತು.

"ಬಾಂಗ್ ಆಯ್ತು" ಎಂದಳು ನಾಝಿಮಾ.

ಮಗಳ ಕಣ್ಣು ಅವಳತ್ತ ತಿರುಗಿತು.

"ಆಯ್ತು ಮಗಾ. ಮಗ್ರಿಬ್ ಆಯ್ತು. ನೀನು ಮಲಗಿದ್ದೆ, ನಿನಗೆ ಕೇಳ್ಲಿಲ್ಲ. ನೋಡು, ಕತ್ತಲಾಯ್ತು."

ಸುಹೈಲಾಳ ನೋಟ ನಿಧಾನವಾಗಿ ಉಮ್ಮನ ಮುಖದ ಮೇಲೆ ಸುಳಿದಾಡಿತು. ನಂಬಲೋ ಬೇಡವೋ ಎಂಬಂತೆ. ಆಗ ನಾಝಿಮಾ ಲೋಟವನ್ನು ತನ್ನ ಬಾಯಿಗೆ ಎತ್ತಿದಳು. ಬಿಸ್ಮಿಲ್ಲಾಹ್ ಎಂದು, ಮಗಳಿಗೆ ಕಾಣುವ ಹಾಗೆ, ಗಂಟಲಿನಲ್ಲಿ ಗುಟುಕು ಇಳಿಯುವುದು ಕೇಳಿಸುವ ಹಾಗೆ ಕುಡಿದಳು. ಬೆಳಗಿನಿಂದ ಒಣಗಿದ್ದ ನಾಲಗೆಗೆ ಆ ಪಾಕ ಅಸಹ್ಯವೆನಿಸುವಷ್ಟು ಸಿಹಿಯಾಗಿತ್ತು. ಹನ್ನೊಂದನೇ ವಯಸ್ಸಿನಲ್ಲಿ ಹಿಡಿಯಲು ಸುರು ಮಾಡಿದವಳು, ತಿಂಗಳ ದಿನಗಳನ್ನೂ ಬಾಣಂತನವನ್ನೂ ಬಿಟ್ಟರೆ ಒಂದನ್ನೂ ಹೀಗೆ ಹಗಲಿನಲ್ಲಿ ಮುರಿದವಳಲ್ಲ. ಬಾಗಿಲಲ್ಲಿ ನಿಂತಿದ್ದ ಮೆರ್ಲಿನ್ ಮುಖ ಆಚೆ ತಿರುಗಿಸಿದಳು.

"ಈಗ ನೀನು."

ಸುಹೈಲಾ ಬಾಯಿ ತೆರೆದಳು. ಮೊದಲು ಒಂದು ಗುಟುಕು, ಆಮೇಲೆ ಲೋಟವನ್ನೇ ಎರಡೂ ಕೈಯಲ್ಲಿ ಹಿಡಿದು ಗಟಗಟನೆ. ಸಣ್ಣ ಮಗುವಿದ್ದಾಗ ಜ್ವರದಲ್ಲಿ ಎದ್ದು ನೀರು ಕುಡಿಯುತ್ತಿದ್ದದ್ದು ಹೀಗೆಯೇ.

ಮೆರ್ಲಿನ್ ಎರಡನೇ ಲೋಟ ತಂದಳು. ಬೆವರು ಆರತೊಡಗಿತು. ಉಗುರಿನ ಬುಡಕ್ಕೆ ಬಣ್ಣ ಬಂತು. ನಾಝಿಮಾಳ ಫೋನಿನಲ್ಲಿ ಅಂಕಿ ಅರವತ್ತೊಂದು ಎಂದಿತು, ಆಮೇಲೆ ಎಪ್ಪತ್ತೆಂಟು. ನಿಝಾರನಿಗೆ 'ಕುಡಿದಳು, ಏರ್ತಾ ಉಂಟು' ಎಂದಷ್ಟೇ ಬರೆದು ಹಾಕಿದಳು. ನೀಲಿ ಗೆರೆಗಳು ಕೂಡಲೇ ಬಿದ್ದವು.

ಆ ಹೊತ್ತಿಗೇ ಮಸೀದಿಯಿಂದ ಬಾಂಗ್ ಕೇಳಿಸಿತು.

ಸುಹೈಲಾ ತಲೆ ಎತ್ತಿದಳು. ಪರದೆಯ ಸಂದಿಯಿಂದ ಬಿಸಿಲಿನ ಒಂದು ಪಟ್ಟೆ ನೆಲದ ಮೇಲೆ ಬಿದ್ದಿತ್ತು. ಅದನ್ನು ನೋಡಿದಳು.

"ಇದು ಅಸರ್" ಎಂದಳು.

"ಹೌದು."

"ನೀವು ಸುಳ್ಳು ಹೇಳಿದ್ರಿ."

"ಹೇಳಿದೆ."

"ನಿಮ್ಮದೂ ಹೋಯ್ತು."

"ನನ್ನದಕ್ಕೆ ಬದಲು ಹಬ್ಬ ಕಳೆದ ಮೇಲೆ ಒಂದು ಹಿಡಿದ್ರೆ ಆಯ್ತು. ನಿನಗೆ ಬದಲು ಎಲ್ಲಿಂದ ತರ್ಲಿ?" ಧ್ವನಿ ಏರಿದ್ದು ನಾಝಿಮಾಳಿಗೇ ಗೊತ್ತಾಗಿ ತಡೆದುಕೊಂಡಳು. "ಫೋನಿಗೆ ಅದನ್ನು ಹಾಕಿದ್ದು ನೀನಾ?"

ಮೆರ್ಲಿನ್ ಮೆಲ್ಲನೆ ಜಗಲಿಗೆ ಹೋದಳು.

ಸುಹೈಲಾ ಚಾಪೆಯ ಗೊಂಡೆಯನ್ನು ಬೆರಳಿಗೆ ಸುತ್ತುತ್ತಾ ತಲೆಯಾಡಿಸಿದಳು. "ಹಾಗೆ ಹಾಕಿದ್ರೆ ತಡವಾಗಿ ಬರ್ತದೆ ಅಂತ ಗೊತ್ತಿತ್ತು. ಬಾಪನ ಫೋನ್ ಡ್ಯೂಟಿಯಲ್ಲಿ ಲಾಕರಿನಲ್ಲಿ ಇರ್ತದಲ್ಲ. ಸಂಜೆವರೆಗೆ ಅವರೂ ನೋಡುವುದಿಲ್ಲ ಅಂತ..." ನಿಲ್ಲಿಸಿದಳು. "ನೋಂಬಿಗೆ ಅಲ್ಲಿ ಡ್ಯೂಟಿ ಬೇಗ ಬಿಡ್ತಾರೆ. ಅದು ನನಗೆ ನೆನಪೇ ಆಗ್ಲಿಲ್ಲ."

"ನೆನಪಾಗದ್ದು ನಮ್ಮ ಪುಣ್ಯ. ಯಾಕೆ ಹೀಗೆ ಮಾಡಿದೆ?"

"ಇಫ್ತಾರಿಗೆ ಕೂತಾಗ ಈ ಮನೆಯಲ್ಲಿ ನನಗೊಬ್ಬಳಿಗೇ ಹಸಿವಿರುವುದಿಲ್ಲ ಉಮ್ಮ."

ನಾಝಿಮಾ ಖಾಲಿ ಲೋಟವನ್ನು ಗೋಡೆಯ ಬದಿಗೆ ಸರಿಸಿಟ್ಟಳು.

"ಕಾಲೇಜಲ್ಲಿ ಶೈಮಾ ಎಲ್ಲ ನೋಂಬು ಎಷ್ಟಾಯ್ತು ಎಷ್ಟಾಯ್ತು ಅಂತ ಕೇಳ್ತಾರೆ. ನಾನು ಟಾಯ್ಲೆಟ್ಟಿಗೆ ಹೋಗಿ ಬಿಸ್ಕೆಟ್ ತಿಂದು ಬರ್ತೇನೆ. ನೀವು ಫೋನ್ ಮಾಡಿದ್ರೂ ಅಷ್ಟೇ. ಎಂತ ಮಾಡ್ತಾ ಇದ್ದೀ ಅಂತ ಕೇಳುವುದಿಲ್ಲ. 'ಎಷ್ಟುಂಟು' ಅಂತ ಕೇಳ್ತೀರಿ. ಈ ನಾಲ್ಕು ದಿನ ನೀವು ಒಮ್ಮೆಯೂ ಕೇಳ್ಲಿಲ್ಲ. ಮೊನ್ನೆ ಬಂದವರೇ ಆ ಗೌನಿನ ಹುಡುಗಿಯ ಅಜ್ಜಿಯ ಕತೆ ಹೇಳಿ ನಗಾಡಿದ್ರಿ." ಸುಹೈಲಾ ಬೆರಳಿಗೆ ಸುತ್ತಿದ್ದ ಗೊಂಡೆಯನ್ನು ಬಿಚ್ಚಿದಳು. "ನಾನು ಹೆದರಿದ್ದೆ, ಆದ್ರೂ ಚಂದ ಇತ್ತು."

ನಾಝಿಮಾಳಿಗೆ ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅನ್ನಿಸಿತು. ಎರಡನ್ನೂ ಮಾಡದೆ ಒದ್ದೆಯಾಗಿದ್ದ ಮಗಳ ಕುಪ್ಪಸವನ್ನು ಬದಲಿಸಲು ಬೇರೊಂದು ತಂದುಕೊಟ್ಟಳು. ತನಗೂ ಚಂದ ಇತ್ತು ಎಂಬುದನ್ನು ಹೇಗೆ ಹೇಳುವುದು? ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಸುಳ್ಳಿನ ನೆರಳಿನಲ್ಲಿ, ಪರಸ್ಪರ ತಿಳಿಯದೆ ತಂಪಾಗಿ ಕೂತಿದ್ದರು. ಬೆಲೆ ಮಾತ್ರ ಒಬ್ಬಳೇ ತೆರುತ್ತಿದ್ದಳು.

ಮೆರ್ಲಿನ್ ಹೊರಟಾಗ ನಾಝಿಮಾ ಜಗಲಿಯ ತನಕ ಹೋದಳು.

"ನಾಳೆ ಬೇಡ, ನಾಡಿದ್ದು ಬಾ" ಎಂದಳು ಮೆರ್ಲಿನ್. "ಅಂಚು ನಾನೇ ಮಡಚ್ತೇನೆ. ಸೊಟ್ಟ ಆದ್ರೆ ಹೊಸ ಫ್ಯಾಶನ್ ಅಂತ ಹೇಳಿದ್ರಾಯ್ತು." ಸ್ಕೂಟರಿಗೆ ಕೀ ಹಾಕಿ ಹಿಂದೆ ತಿರುಗಿದಳು. "ನಾನು ತಪಸ್ಸು ಕಾಲಕ್ಕೆ ಅಂತ ಮೀನು ಬಿಟ್ಟಿದ್ದೇನಲ್ಲ ನಾಝಿಮಾ. ಮೊನ್ನೆ ಬಂಗುಡೆ ಪುಳಿಮುಂಚಿ ವಾಸನೆಗೆ ಸೋತು ತಿಂದುಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ನಿನ್ನದು ಹಾಗಲ್ಲ. ನೀನು ತಲೆ ಕೆಡಿಸ್ಕೊಳ್ಬೇಡ."

ನಿಝಾರನ ಕರೆ ಬಂದಾಗ ನಾಝಿಮಾ ಅಡುಗೆಮನೆಯಲ್ಲಿ ಕಲ್ಲಂಗಡಿ ಹೆಚ್ಚುತ್ತಿದ್ದಳು. ವಿಡಿಯೋದಲ್ಲಿ ಅವನ ಹಿಂದೆ ಕ್ಯಾಂಪಿನ ಗೋಡೆ, ಉರಿಬಿಸಿಲು. ಕೋಣೆಯೊಳಗೆ ಬೇರೆಯವರು ಮಲಗಿರುತ್ತಾರೆಂದು ಹೊರಗೇ ನಿಂತಿದ್ದನೇನೋ. ಮಗಳನ್ನು ನೋಡಬೇಕೆಂದ. ಮಲಗಿದ್ದವಳ ಮುಖವನ್ನು ನಾಝಿಮಾ ಬಾಗಿಲಿನಿಂದಲೇ ತೋರಿಸಿದಳು. ಅವನು ಕಣ್ಣೊರೆಸಿಕೊಂಡ, ಬೆವರೋ ಏನೋ.

"ನನ್ನ ಕೈಕಾಲು ಓಡ್ಲಿಲ್ಲ ನಾಝಿ ಇಲ್ಲಿ. ಅಂಕಿ ಇಳೀತಾ ಉಂಟು, ನಾನು ನೋಡ್ತಾ ನಿಂತಿದ್ದೇನೆ. ಎಂತ ಆದದ್ದು? ಅವಳು ಊಟ ಮಾಡ್ಲಿಲ್ವಾ? ನಿನ್ನ ಫೋನಿಗೆ ಯಾಕೆ ಬರ್ಲಿಲ್ಲ?"

ನಾಝಿಮಾ ಕತ್ತಿಯನ್ನು ಹಲಗೆಯ ಮೇಲಿಟ್ಟಳು. ನಿಜ ಹೇಳಿದರೆ ನಾಳೆಯೇ ಕಾಟಿಪಳ್ಳದಿಂದ ಕಾರು ಬರುತ್ತದೆ. ಮೂರು ಹೆಂಗಸರ ಆರು ಕಣ್ಣುಗಳ ನಡುವೆ ಮಗಳು ತಟ್ಟೆ ಖಾಲಿ ಮಾಡಿ ತೋರಿಸಬೇಕಾಗುತ್ತದೆ.

"ಊಟ ತಡ ಆಯ್ತು ಅವಳಿಗೆ. ಫೋನಿಗೆ ಪವರ್ ಸೇವಿಂಗ್ ಹಾಕಿದ್ದು ನಾನೇ. ಚಾರ್ಜು ನಿಲ್ಲುವುದಿಲ್ಲ ಅಂತ. ಅದು ಹಾಗೆ ಮಾಡ್ತದೆ ಅಂತ ಗೊತ್ತಿರ್ಲಿಲ್ಲ."

ಅವನು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು.

"ನಾನು ನಿನಗೆ ಹೊಲಿಗೆ ಬೇಡ ಅಂತ ಹೇಳಿದವನಲ್ಲ" ಎಂದ. "ಹಬ್ಬದ ಬಟ್ಟೆ ಎಷ್ಟುಂಟೋ ಮುಗಿಸಿ ಕೊಡು, ಮೆರ್ಲಿನಿಗೆ ಮೋಸ ಆಗುವುದು ಬೇಡ. ಆಮೇಲೆ ಸಾಕು. ಮನೆಯಲ್ಲಿ ಇರು."

"ಆಯ್ತು" ಎಂದಳು.

ಫೋನು ಕೆಳಗಿಟ್ಟು ತಿರುಗಿದಾಗ ಸುಹೈಲಾ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾಝಿಮಾ ಮತ್ತೆ ಕತ್ತಿ ಎತ್ತಿಕೊಂಡು, ಹಣ್ಣಿನ ಬೀಜಗಳನ್ನು ಒಂದೊಂದಾಗಿ ಕೆತ್ತತೊಡಗಿದಳು.

ಅಹ್ಮದ್ ಬಾವ ಗಂಜಿಯೊಂದಿಗೆ ಬಂದಿದ್ದರು. ಅವರಿಗೆ ಶುಗರ್ ಸ್ವಲ್ಪ ಇಳಿದಿತ್ತು ಎಂದಷ್ಟೇ ಹೇಳಿದ್ದಾಯಿತು. "ನಮ್ಮ ಕಾಲದಲ್ಲಿ ಇದು ಯಾವುದೂ ಇರ್ಲಿಲ್ಲ, ಇಳಿದದ್ದೂ ಗೊತ್ತಿಲ್ಲ ಏರಿದ್ದೂ ಗೊತ್ತಿಲ್ಲ" ಎಂದರು. ಗೊತ್ತಿಲ್ಲದೆಯೇ ಹೋದವರ ನೆನಪು ಬಂತೋ ಏನೋ, ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಪಠಿಸಿದರು.

ಮಗ್ರಿಬಿನ ಬಾಂಗ್ ಆಯಿತು. ಮಾವ ಖರ್ಜೂರ ತೆಗೆದುಕೊಂಡು ತಟ್ಟೆಯನ್ನು ಸೊಸೆಯತ್ತ ದೂಡಿದರು. ನಾಝಿಮಾ ಒಂದನ್ನು ಬಾಯಿಗಿಟ್ಟಳು. ಎದುರಿಗೆ ಕೂತ ಮಗಳು ತನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿತ್ತು. ಈ ಹೊತ್ತಿನಲ್ಲಿ ಹಸಿವಿಲ್ಲದವರಂತೆ ಕೂತಿರುವುದು ಹೇಗಿರುತ್ತದೆ ಎಂದು ಈಗ ಅವಳಿಗೂ ತಿಳಿಯಿತು. ಖರ್ಜೂರ ಹಲ್ಲಿಗೆ ಅಂಟಿಕೊಂಡು ಬೇಗ ಇಳಿಯಲಿಲ್ಲ.

ಮಾವ ನಮಾಝಿಗೆ ಎದ್ದು ಹೋದರು. ಮಗಳ ಗಂಜಿಯನ್ನು ಬಟ್ಟಲಿಗೆ ಹೊಯ್ದು ನಾಝಿಮಾ ತಲೆ ಎತ್ತಿದಾಗ ಸುಹೈಲಾಳ ಜಾಗ ಖಾಲಿಯಿತ್ತು.

ಜಗಲಿಯಲ್ಲಿ ಮಾತು ಕೇಳಿಸಿತು. "ಬಾಪಾ, ಉಮ್ಮ ಹಾಕಿದ್ದಲ್ಲ ಅದು" ಎಂದಿತು ಮಗಳ ಧ್ವನಿ. ಆಮೇಲೆ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಅಂಗಳಕ್ಕೆ ಹೋಯಿತು, ಮಾತು ಕೇಳಿಸದಾಯಿತು.

ಕಿಟಕಿಯ ಸರಳಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆವರಣದ ಗೋಡೆಯ ಹತ್ತಿರ ನಿಂತು, ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಿಂದ ಗೋಡೆಯ ಪಾಚಿಯನ್ನು ಉಗುರಿನಲ್ಲಿ ಕೆರೆಯುತ್ತಿದ್ದಳು. ಒಮ್ಮೆ ತಲೆಯಾಡಿಸಿದಳು. ಒಮ್ಮೆ ತೋಳಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಬಹಳ ಹೊತ್ತು ಬರೇ ಕೇಳಿಸಿಕೊಳ್ಳುತ್ತಾ ನಿಂತಳು.

ಬಟ್ಟಲಿನ ಗಂಜಿಯ ಮೇಲೆ ತೆಳ್ಳಗೆ ಕೆನೆಗಟ್ಟತೊಡಗಿತು. ನಾಝಿಮಾ ಕರೆಯಲು ಬಾಯಿ ತೆರೆದಳು. ಮತ್ತೆ ಏನೆನ್ನಿಸಿತೋ, ಬಟ್ಟಲಿನ ಮೇಲೊಂದು ತಟ್ಟೆ ಮುಚ್ಚಿ, ಅಂಗಳದ ದೀಪ ಹಾಕಿ, ಕಿಟಕಿಯಿಂದ ಈಚೆಗೆ ಬಂದು ಕೂತಳು.